ಎರಡು ಸೋಡಾ, ಎರಡು ತಟ್ಟೆ ಉಸಲಿ

ಚಾಮರಾಜನಗರದಲ್ಲಿ ಯಾರಿಗಾದರೂ ದಾರಿ ಹೇಳುವಾಗ ಮೊದಲು ದೇವಸ್ಥಾನ ಹೇಳುತ್ತೇವೆ, ಆಮೇಲೆ ಬಾರು. ದೇವಸ್ಥಾನದ ಹತ್ತಿರ ಇಳಿದು, ಇಂಥ ಬಾರಿನ ಪಕ್ಕದ ರಸ್ತೆಗೆ ಬನ್ನಿ ಎಂದರೆ ಮುಗಿಯಿತು. ಅರ್ಧಕ್ಕರ್ಧ ಬಾರುಗಳಿಗೂ ದೇವರ ಹೆಸರೇ ಇರುವುದರಿಂದ ಹೇಳುವವರಿಗೆ ಮುಜುಗರವೂ ಇಲ್ಲ. ಆಗಿನ್ನೂ ಬಾರಿನ ಹೊಸ್ತಿಲು ತುಳಿಯದಿದ್ದ ನಮ್ಮತ್ತೆಯೂ ಹಾಗೇ ದಾರಿ ಹೇಳುತ್ತಿದ್ದರು.

ನಾನು ಕೆಲಸ ಮಾಡುವ ಸಹಕಾರ ಸಂಘದ ಕಚೇರಿ ಅಂಥದೊಂದು ಬಾರಿನ ಮೇಲಂತಸ್ತಿನಲ್ಲಿದೆ. ನನ್ನ ಕಿಟಕಿಯ ನೇರ ಕೆಳಗೆ ಅವರ ಅಡುಗೆಮನೆ. ಸಂಜೆ ನಾಲ್ಕಾಗುತ್ತಲೇ ಕಡಲೆಕಾಳಿನ ಉಸಲಿಗೆ ಒಗ್ಗರಣೆ ಬೀಳುತ್ತದೆ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಕೈಗೆ ಬಂದಷ್ಟು ಹಸಿಮೆಣಸಿನಕಾಯಿ. ಇಡೀ ಕಚೇರಿ ಸೀನುತ್ತದೆ. ವರ್ಷಗಟ್ಟಲೆ ಆ ಘಾಟಿಗೆ ಬೈದುಕೊಂಡು ಕಿಟಕಿ ಮುಚ್ಚುತ್ತಿದ್ದವಳು ನಾನೇ. ಬಸುರಿಯಾದ ಮೇಲೆ ಅದೇ ಕಿಟಕಿ ತೆಗೆದು, ಮೂಗು ಹೊರಗೆ ಹಾಕಿ ನಿಲ್ಲತೊಡಗಿದೆ. ಮನೆಗೆ ಮಾವಿನಕಾಯಿ ಬಂತು, ಹುಣಸೆಕಾಯಿ ಬಂತು, ತವರಿನಿಂದ ಕಜ್ಜಾಯವೂ ಬಂತು. ನನಗೆ ಬೇಕಿದ್ದುದು ಒಮ್ಮೆಯೂ ಬಾಯಿಗಿಡದ ಆ ಉಸಲಿ ಮಾತ್ರ.

ನಮ್ಮನೆಯವರು ಗುಂಡ್ಲುಪೇಟೆಯಲ್ಲಿ ಮೇಷ್ಟ್ರು. ಬಸ್ಸಿನಲ್ಲಿ ಕುಡಿದವರ ಪಕ್ಕ ಕೂತು ಬಂದರೂ ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುವ ಪೈಕಿ. ನನ್ನ ಆಸೆ ಕೇಳಿ, ಅದರಲ್ಲೇನಿದೆ ಎಂದು ತಾವೇ ಒಲೆ ಮುಂದೆ ನಿಂತು ಉಸಲಿ ಮಾಡಿದರು. ಅದು ಗಣೇಶನ ಮುಂದಿಡುವ ಉಸಲಿಯಾಯಿತು. ದೇವರು ಮೆಚ್ಚುತ್ತಿದ್ದನೋ ಏನೋ, ನಾನು ಮೆಚ್ಚಲಿಲ್ಲ.

ಊರಿನ ಬಾರಿಗೆ ಹೋದರೆ ನೆಂಟರಿಷ್ಟರು ನೋಡುತ್ತಾರೆಂದು ಹೆದರಿ ಅವರು ಗುಂಡ್ಲುಪೇಟೆಯ ಹೈವೇ ಪಕ್ಕದ ಬಾರಿಗೆ ಹೋದರು. ಅಲ್ಲಿಗೆ ಹೋದ ಮೇಲೆ ಗೊತ್ತಾಗಿದ್ದು, ಉಸಲಿಯನ್ನು ಯಾವ ಬಾರಿನಲ್ಲೂ ಮಾರುವುದಿಲ್ಲ, ಕುಡಿಯುವವರಿಗೆ ನೆಂಚಿಕೊಳ್ಳಲು ಸುಮ್ಮನೆ ಕೊಡುತ್ತಾರೆ ಎಂದು. ಪಾಪ, ಒಂದು ಬಿಯರ್ ತರಿಸಿ, ಅದನ್ನು ಪಕ್ಕದ ಟೇಬಲಿನವನಿಗೆ ದಾನ ಮಾಡಿ, ಉಸಲಿಯನ್ನು ಊಟದ ಡಬ್ಬಿಗೆ ಸುರಿದುಕೊಂಡು ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ತಂದರು. ಆಸೆಯಿಂದ ಮುಚ್ಚಳ ತೆಗೆದೆ. ಅಲ್ಲಿಯ ಗಿರಾಕಿಗಳಲ್ಲಿ ಅರ್ಧ ಜನ ಕೇರಳದವರು ನೋಡಿ, ತೆಂಗಿನಕಾಯಿ ಚೂರು ಹಾಕಿ ಕೊಬ್ಬರಿ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟಿದ್ದರು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಾನು ಜೋರಾಗಿ ಅತ್ತುಬಿಟ್ಟೆ.

ಅಳು ಕೇಳಿ ಅತ್ತೆ ಬಂದರು. ಕೊಬ್ಬು ಎಂದು ಬೈಯುತ್ತಾರೆಂದು ಕಾದೆ. ಅವರು ಮಗನಿಂದ ಎಲ್ಲ ಕೇಳಿಸಿಕೊಂಡು ನನ್ನ ಹೊಟ್ಟೆಯ ಕಡೆ ನೋಡಿದರು.

"ಬಸ್ರಿ ಬಯ್ಕೆ ತೀರ್ದೆ ಓದ್ರೆ ಮಗೀನ ಕಿವಿ ಸೋರ್ತದೆ ಕಣವ್ವ. ನಾಳೆ ನಾನೇ ಬತ್ತೀನಿ."

ಇದಕ್ಕೆ ಸಾಕ್ಷಿ ಮನೆಯಲ್ಲೇ ಇತ್ತು. ನಮ್ಮನೆಯವರ ಎಡಗಿವಿ ಚಿಕ್ಕಂದಿನಲ್ಲೆಲ್ಲ ಸೋರಿ, ಈಗಲೂ ಮಂದ. ಏನು ಹೇಳುವುದಿದ್ದರೂ ಬಲಕ್ಕೆ ಹೋಗಿ ಹೇಳಬೇಕು. ನಾನು ಬಿಕಾಂ ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಕೂಸು ನಮ್ಮ ಹೊಟ್ಟೆಯಲ್ಲೇ ಇರುವಾಗ ಬಿಕಾಂ ಕೆಲಸಕ್ಕೆ ಬರುವುದಿಲ್ಲ. ಆ ರಾತ್ರಿ ನನಗೆ ನಿಜವಾಗಿ ಭಯವಾಯಿತು.

ಮರುದಿನ ನಾಲ್ಕಕ್ಕೆ ಅತ್ತೆ ರೇಷ್ಮೆ ಸೀರೆ ಉಟ್ಟು, ವಿಭೂತಿ ಇಟ್ಟು, ರಜೆ ಹಾಕಿದ್ದ ಮಗನ ಸ್ಕೂಟರಿನಲ್ಲಿ ನಮ್ಮ ಕಚೇರಿ ಕೆಳಗಿನ ಬಾರಿನ ಮುಂದೆ ಬಂದಿಳಿದರು. ಮಗರಾಯ ಒಳಗೆ ಬರಲೊಲ್ಲದೆ ರಸ್ತೆಯ ಆಚೆ ನಿಂತರು, ಗುರುತು ಸಿಗದಿರಲಿ ಎಂದು ಹೆಲ್ಮೆಟ್ ತೆಗೆಯದೆ. ನಮ್ಮೂರಿನಲ್ಲಿ ಪೊಲೀಸರಿಲ್ಲದ ಕಡೆ ಹೆಲ್ಮೆಟ್ ಹಾಕಿ ನಿಂತವನನ್ನು ಯಾರೂ ಕಂಡಿರಲಿಲ್ಲ. ಹೋಗುವವರು ಬರುವವರೆಲ್ಲ ತಿರುಗಿ ತಿರುಗಿ ನೋಡಿದರು.

ನಾವು ಒಳಗೆ ಕಾಲಿಟ್ಟೆವು. ಒಬ್ಬರು ಗ್ಲಾಸನ್ನು ಮೆಲ್ಲಗೆ ಟೇಬಲಿನ ಕೆಳಗಿಳಿಸಿದರು. ಇನ್ನೊಬ್ಬರು ಟವಲನ್ನು ತಲೆಯ ಮೇಲೆ ಎಳೆದುಕೊಂಡರು. ಅತ್ತೆ ಅವರನ್ನು ಕಂಡು, ಯಾಕಪ್ಪ, ಚಳಿಯಾ ಎಂದು ವಿಚಾರಿಸಿ ಮುಂದೆ ಹೋದರು.

ಕ್ಯಾಶಿನಲ್ಲಿದ್ದವನು ಎದ್ದು ನಿಂತ. ಉಸಲಿ ಮಾರುವುದಕ್ಕಲ್ಲ, ಕುಡಿಯುವವರಿಗೆ ಮಾತ್ರ ಎಂದು ಬಹಳ ಸಂಕಟದಿಂದ ಹೇಳಿದ. ಸೋಡಾ ಕುಡಿಯುವುದು ಕುಡಿಯುವುದಲ್ಲವೇ ಎಂದು ಅತ್ತೆ ಕೇಳಿದರು. ಈ ಪ್ರಶ್ನೆ ಆ ಬಾರಿನಲ್ಲಿ ಎಂದೂ ಬಂದಿರಲಿಲ್ಲ. ಅವನು ಒಳಗೆ ಹೋಗಿ ಅಡುಗೆಯವನ ಜೊತೆ ಸಮಾಲೋಚನೆ ನಡೆಸಿ ಬಂದು, ಒಂದು ಸೋಡಾಕ್ಕೆ ಒಂದು ತಟ್ಟೆ ಎಂದು ತೀರ್ಪು ಕೊಟ್ಟ. ಅತ್ತೆ ಎರಡು ಸೋಡಾ ಹೇಳಿದರು.

ಉಸಲಿ ಬಂತು. ಖಾರಕ್ಕೆ ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯಿತು. ಅಷ್ಟು ಸುಖವಾಗಿ ನಾನು ಯಾವ ಮದುವೆ ಮನೆಯಲ್ಲೂ ಉಂಡಿಲ್ಲ. ಒಂದು ತಟ್ಟೆ ಖಾಲಿ ಮಾಡಿ ಇನ್ನೊಂದಕ್ಕೆ ಕೈ ಚಾಚಿದೆ. ಅತ್ತೆ ಆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಒಂದೊಂದೇ ಕಾಳು ತಿಂದರು. ಅರ್ಧ ತಟ್ಟೆ ಮುಗಿದ ಮೇಲೆ, ನನ್ನ ಮುಖ ನೋಡದೆ ಹೇಳಿದರು.

"ಇವನು ಒಟ್ಟೇಲಿದ್ದಾಗ ನಾವು ಅರದನಳ್ಳೀಲಿದ್ದೊ. ಒಲಕ್ಕೋಗೋ ದಾರೀಲಿ ಸಾರಾಯಿ ಅಂಗ್ಡಿ. ಅದರ ಮುಂದೆ ಒಬ್ಳು ಮುದ್ಕಿ ಇಂಗೇ ಉಸ್ಲಿ ಮಾಡೋಳು. ದಿನಾ ಮೂಗು ಮುಚ್ಕೊಂಡು ಓಗ್ತಿದ್ದೆ. ಯಾರ್ನ ಕೇಳನ? ನೀನಾರೆ ಅತ್ತುಬುಟ್ಟೆ. ನಂಗೆ ಅಳಕ್ಕೂ ಧೈರ್ಯ ಇರ್ನಿಲ್ಲ ಕಣವ್ವ."

ಮಗ ಮಾತು ಕೇಳಿಸಿಕೊಳ್ಳಲು ತಲೆ ತಿರುಗಿಸಿ ಬಲಗಿವಿ ಕೊಡುವಾಗಲೆಲ್ಲ ಈ ಹೆಂಗಸು ಯಾಕೆ ಬೇರೆ ಕಡೆ ನೋಡುತ್ತಿದ್ದರು ಎಂಬುದು ಆಗ ನನಗೆ ಅರ್ಥವಾಯಿತು. ಅದು ನಿಮ್ಮ ತಪ್ಪಲ್ಲ ಅತ್ತೆ ಎಂದೆ. ಅವರು ಸೋಡಾ ಕುಡಿದು ತೇಗಿದರು.

ಕೊನೆಗೆ ಉಳಿದ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದ್ದರು. ರಸ್ತೆ ದಾಟಿ, ಹೆಲ್ಮೆಟ್ ಹೊತ್ತು ಬೆವರುತ್ತಿದ್ದ ಮಗನ ಎಡಪಕ್ಕಕ್ಕೆ ಹೋಗಿ ನಿಂತು, ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಉಸಲಿಯನ್ನು ಬಾಯಿಗಿಟ್ಟರು.

"ತಿನ್ನಪ್ಪ," ಎಂದರು. "ವಸಿ ತಡ ಆಗೋಯ್ತು."

ನಮ್ಮನೆಯವರು ಬಾಯಿ ತುಂಬ ಕಾಳು ಇಟ್ಟುಕೊಂಡೇ ಬಲಗಿವಿಯನ್ನು ಅವರ ಕಡೆಗೆ ತಿರುಗಿಸಿ, "ಏನವ್ವ?" ಎಂದರು.