ಹಲ್ಲಿಲ್ಲದ ಒಸಡಿನ ನೋವು

ಒಬ್ಬರ ದೇಹದ ನೋವು ಇನ್ನೊಬ್ಬರಿಗೆ ತಾಗುತ್ತದೆ ಎಂಬ ಮಾತನ್ನು ನಾನು ನಂಬಿದವನಲ್ಲ. ಶಾಲೆಯನ್ನು ಬೇಗ ಬಿಟ್ಟರೂ ಪುಸ್ತಕವನ್ನು ಬಿಡಲಿಲ್ಲ. ಯಾರೇ ಇಂಥದ್ದನ್ನು ಹೇಳಿದರೂ ಪುರಾವೆ ಕೇಳುತ್ತಿದ್ದೆ. ಈಗ ಬರೆಯುತ್ತಿರುವುದಕ್ಕೆ ನನ್ನಲ್ಲಿಯೇ ಪುರಾವೆಯಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಎಡದವಡೆಯ ಹಲ್ಲೊಂದು ಕೊಳೆತು, ಮಂಡ್ಯದ ದಂತವೈದ್ಯೆಯೊಬ್ಬರಲ್ಲಿ ರೂಟ್ ಕೆನಾಲ್ ಮಾಡಿಸಲು ಹೋದೆ. ಶಿವಪುರದಲ್ಲಿ ನನ್ನೊಡನೆಯೇ ಇರುವ ಅಕ್ಕ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕುಳಿತಳು. ವೈದ್ಯೆ ಒಸಡನ್ನು ಮರಗಟ್ಟಿಸಿ, ಬೇರಿನೊಳಗಿನ ಕೊಳೆಯನ್ನು ಕೆರೆದು, ತೆಳುವಾದ ಸೂಜಿಯಿಂದ ಔಷಧಿಯ ನೀರು ಹಾಯಿಸಿ ತೊಳೆಯತೊಡಗಿದರು. ಕುಡಿಯುವ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯದೇ ವಾಸನೆ. ನನಗೆ ನೋವಿರಲಿಲ್ಲ. ಹೊರಗೆ ಅಕ್ಕ ಎಡಗೆನ್ನೆ ಹಿಡಿದು ಚೀರಿದಳು.

ವೈದ್ಯೆ ಅವಳ ಬಾಯಿ ನೋಡಿ ನಕ್ಕರು. "ಅಜ್ಜೀ, ಅಲ್ಲಿ ಹಲ್ಲೇ ಇಲ್ವಲ್ಲ!"

"ಇಲ್ದೆ ಇರದು ನಂಗೊತ್ತಿಲ್ವಾ? ನೋಯ್ತದೆ ಅಂದ್ರೆ ನೋಯ್ತದೆ ಕಣವ್ವಾ!"

ಯಂತ್ರದ ಸದ್ದಿಗೆ ಹೆದರಿದ್ದಾಳೆ, ಬಾಗಿಲ ಸಂದಿಯಿಂದ ವಾಸನೆ ಹೋಗಿದೆ ಎಂದು ನಾನು ತೀರ್ಮಾನಿಸಿದೆ. ಅದನ್ನು ಪರೀಕ್ಷಿಸಲೆಂದೇ ಎರಡನೆಯ ಸಲ ತೊಳೆಸಲು, ಅಲ್ಲಿಯ ಕೃಷಿ ಕೇಂದ್ರವಾದ ವಿ.ಸಿ. ಫಾರಂನಿಂದ ರಾಗಿ ಬೀಜ ತರುತ್ತೇನೆಂದು ಹೇಳಿ ಒಬ್ಬನೇ ಹೋದೆ. ಹಿಂತಿರುಗಿದಾಗ ಅಕ್ಕ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಮಲಗಿದ್ದಳು.

"ಬೀಜ ತರಕ್ಕೋಗಿದ್ಯಾ, ಹಲ್ ತೊಳ್ಸಕ್ಕೋಗಿದ್ಯಾ? ಬಾಯೆಲ್ಲಾ ಬ್ಲೀಚಿಂಗ್ ಪೌಡ್ರು ಕಣ್ಲಾ."



ಇನ್ನೊಂದು ಸಲ ತೊಳೆಯುವುದು ಬಾಕಿಯಿತ್ತು. ಅರ್ಧಕ್ಕೆ ನಿಲ್ಲಿಸಿದರೆ ಕೀವು ದವಡೆಯ ಮೂಳೆಗೆ ಇಳಿಯಬಹುದೆಂದು ವೈದ್ಯೆ ಎಚ್ಚರಿಸಿದ್ದರು. ಆದರೂ ಅಕ್ಕನ ಮುಖ ಕಂಡು ದಿನ ದೂಡುತ್ತಾ ಬಂದೆ. ಕೊನೆಗೆ ನನ್ನ ಕೆನ್ನೆ ಊದಿತು. ಅದನ್ನು ನೋಡಿ ಅವಳೇ ಸೀರೆ ಬದಲಿಸಿ ನಿಂತಳು.

"ನಡೀಲಾ, ಓಗ್ಬುಡವ. ನಿನ್ ದವ್ಡೆ ಕೊಳ್ತು ಓದ್ರೆ ನಂಗೇನ್ ಸುಖ? ನಾ ತಡ್ಕತೀನಿ."

ಕುರ್ಚಿಯ ಮೇಲೆ ಕೂರುವ ಮೊದಲು, ಬದುಕಿನಲ್ಲಿ ಎಂದೂ ಆಡದ ಮಾತೊಂದನ್ನು ಆಡಿದೆ: ಮೊದಲು ನನ್ನ ಅಕ್ಕನ ಒಸಡನ್ನು ಮರಗಟ್ಟಿಸಿ. ವೈದ್ಯೆ ನನ್ನನ್ನೇ ದಿಟ್ಟಿಸಿದರು. ಆಮೇಲೆ ಅವಳ ಬರಿ ಒಸಡಿಗೆ ಮರಗಟ್ಟಿಸುವ ಮುಲಾಮು ಸವರಿದರು.

ಆ ದಿನ ಅಕ್ಕ ಸದ್ದು ಮಾಡಲಿಲ್ಲ. ಮುಲಾಮು ತಡೆದದ್ದು ನೋವನ್ನೋ, ಭಯವನ್ನೋ? ಭಯವಷ್ಟೇ ಆಗಿದ್ದರೆ, ಏನೂ ತಿಳಿಯದೆ ಊರಿನಲ್ಲಿದ್ದವಳ ನಾಲಿಗೆಗೆ ಆ ರುಚಿ ಹತ್ತಿದ್ದು ಹೇಗೆ? ಹಿಂತಿರುಗುವಾಗ ಬಸ್ಸು ಗೆಜ್ಜಲಗೆರೆ ದಾಟುವಷ್ಟರಲ್ಲಿ ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋಗಿದ್ದಳು. ಎಲ್ಲಿ ಅವಳಿಗೆ ತಾಗೀತೋ ಎಂದು, ಮರಗಟ್ಟಿದ ನನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.