ನೋಟಿನ ಕಾರ್ಖಾನೆಯ ಬಾಗಿಲಲ್ಲಿ ಬಸಣ್ಣ

ಯಾವ ಮದುವೆಯ ಪತ್ರಿಕೆ ಕೈಗೆ ಬಂದರೂ ಬಸಣ್ಣನವರು ಅದನ್ನು ಕೊನೆಯ ಪದದಿಂದ ಮೊದಲಿನ ಪದದತ್ತ ಓದುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ. ಯಾಕೆ ಹೀಗೆ ಎಂದು ಮೊದಲ ಸಲ ಕೇಳಿದಾಗ, “ಮುಂದಿಂದ ಓದಿದ್ರ ಅರ್ಥ ಅಡ್ಡ ಬರತೈತ್ರಿ ಮೇಡಮ್ಮಾರ. ಹಿಂದಿಂದ ಓದಿದ್ರ ಬರೇ ಅಕ್ಷರ ಕಾಣ್ತಾವು,” ಎಂದಿದ್ದರು.

ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಸಣ್ಣ ಪ್ರೆಸ್. ನಾನು ಆ ಊರಿನ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೆ. ಕಾಲೇಜಿನ ವಾರ್ಷಿಕ ಸಂಚಿಕೆ ಅವರಲ್ಲಿಯೇ ಅಚ್ಚಾಗುತ್ತಿದ್ದುದರಿಂದ ವರ್ಷಕ್ಕೆ ಎರಡು ತಿಂಗಳು ನನಗೆ ಅವರ ಹತ್ತಿರ ಪಾಠ. ನಾನು ತಿದ್ದಿ ಕೊಟ್ಟ ಪುಟದಲ್ಲೂ ಅವರಿಗೆ ನಾಲ್ಕು ತಪ್ಪು ಸಿಗುತ್ತಿದ್ದವು. ಪಕ್ಕದ ಗಿರಾಕಿಗೆ ಕೇಳಬಾರದೆಂದು ಮೆಲ್ಲಗೆ ಹೇಳುತ್ತಿದ್ದರು.

ಒಮ್ಮೆ ತಾವರಗೇರಾದ ಮದುವೆಯೊಂದರ ಪತ್ರಿಕೆಯಲ್ಲಿ, ಮೇಲಿನ ಸಾಲಿನಲ್ಲಿರಬೇಕಾದ ‘ದಿ.’ ಕೆಳಗಿಳಿದು, ಬದುಕಿದ್ದ ಅಜ್ಜನ ಹೆಸರಿಗೆ ಅಂಟಿಕೊಂಡಿತು. ಗೊತ್ತಾಗುವಷ್ಟರಲ್ಲಿ ಪತ್ರಿಕೆಗಳು ಊರು ಸೇರಿದ್ದವು. ಬಸಣ್ಣನವರು ಎಲ್ಲವನ್ನೂ ಹೊಸದಾಗಿ ಅಚ್ಚು ಮಾಡಿ, ಪ್ರೆಸ್ಸಿಗೆ ಬೀಗ ಹಾಕಿ, ಕಟ್ಟು ಹೊತ್ತು ಬಸ್ಸು ಹತ್ತಿದರು. ಅಜ್ಜನ ಮುಂದೆ ನಿಂತು ತಪ್ಪಾಯಿತು ಎಂದರಂತೆ. “ಹೋಗ್ಲಿ ಬಿಡೋ ತಮ್ಮಾ, ನಾ ಇನ್ನೂ ಅದೀನಲ್ಲ. ಕುಂದ್ರು, ಚಾ ಕುಡಿ,” ಎಂದನಂತೆ ಅಜ್ಜ. ಆ ತಪ್ಪು ಪತ್ರಿಕೆಯೊಂದು ಬಹಳ ವರ್ಷ ಬಸಣ್ಣನವರ ಮೇಜಿನ ಗಾಜಿನ ಕೆಳಗಿತ್ತು.

ಅವರಿಗಿದ್ದ ದೊಡ್ಡ ಆಸೆಯೆಂದರೆ ನೋಟು ಅಚ್ಚಾಗುವುದನ್ನು ನೋಡುವುದು. ಹತ್ತು ರೂಪಾಯಿ ನೋಟನ್ನೂ ಬೆಳಕಿಗೆ ಹಿಡಿದು, “ಈ ಕಡಿ ಬಣ್ಣ, ಆ ಕಡಿ ಬಣ್ಣ, ಒಂದು ಕೂದಲೆಳಿ ಸರದಿಲ್ಲ ನೋಡ್ರಿ. ನಮಗ ಎರಡು ಬಣ್ಣದ ಪತ್ರಿಕಿ ಹೊಂದಿಸೂದ್ರಾಗ ಸಾಕಾಗತೈತಿ,” ಎನ್ನುತ್ತಿದ್ದರು.

ಒಂದು ವರ್ಷ, ಬಹಳ ಪತ್ರ ಬರೆದ ಮೇಲೆ, ನಮ್ಮ ವಿದ್ಯಾರ್ಥಿಗಳಿಗೆ ಮೈಸೂರಿನಲ್ಲಿ ನೋಟು ಅಚ್ಚಾಗುವ ಕಾರ್ಖಾನೆಯನ್ನು ನೋಡಲು ಅನುಮತಿ ಸಿಕ್ಕಿತು. ಸಂಚಿಕೆ ಅಚ್ಚು ಹಾಕುವವರೆಂದು ಬಸಣ್ಣನವರನ್ನೂ ಪಟ್ಟಿಗೆ ಸೇರಿಸಲು ಪ್ರಿನ್ಸಿಪಾಲರು ಒಪ್ಪಿದರು. ಪಟ್ಟಿ ಟೈಪ್ ಮಾಡಿದವರೂ ಬಸಣ್ಣನವರೇ. ಒಬ್ಬೊಬ್ಬರ ಗುರುತಿನ ಚೀಟಿ ತರಿಸಿಕೊಂಡು ಅಕ್ಷರ ಅಕ್ಷರ ತಾಳೆ ನೋಡಿದರು. ಹೊಸದೊಂದು ಬಿಳಿ ಅಂಗಿ ಹೊಲಿಸಿಕೊಂಡರು.

ಕಾರ್ಖಾನೆಯ ಬಾಗಿಲಲ್ಲಿ ಕಾವಲಿನವನು ಚೀಟಿ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಬಸಣ್ಣನವರ ಚೀಟಿ ಬಂದಾಗ ತಡೆದ. ಚೀಟಿಯಲ್ಲಿ ‘ಬಸವಣ್ಣೆಪ್ಪ’, ಪಟ್ಟಿಯಲ್ಲಿ ‘ಬಸಣ್ಣ’. ಎಲ್ಲರ ಹೆಸರನ್ನೂ ತಾಳೆ ನೋಡಿದವರು ತಮ್ಮದನ್ನು ಮಾತ್ರ ಊರವರು ಕರೆಯುವ ಹಾಗೆಯೇ ಹಾಕಿಬಿಟ್ಟಿದ್ದರು. ನಾನು ಕಾವಲಿನವನನ್ನು ಬೇಡಿಕೊಂಡೆ, ಒಳಗಿನಿಂದ ಬಂದ ಅಧಿಕಾರಿಯನ್ನೂ ಬೇಡಿಕೊಂಡೆ. ಕೊನೆಗೆ ಬಸಣ್ಣನವರೇ ನನ್ನನ್ನು ಸುಮ್ಮನಾಗಿಸಿದರು.

“ಅವ್ರು ಮಾಡೂದು ಬರೋಬ್ಬರಿ ಐತ್ರಿ. ಒಂದಕ್ಷರ ಹೆಚ್ಚುಕಮ್ಮಿ ಆದ್ರ ಅದು ನೋಟ ಅಲ್ಲ. ನೀವು ಹೋಗ್ರಿ, ಹುಡುಗ್ರು ಕಾಯಾಕತ್ಯಾರ.”

ದನಿ ಎಂದಿನಂತೆಯೇ ಇತ್ತು. ಚೀಟಿಯನ್ನು ಹೊಸ ಅಂಗಿಯ ಜೇಬಿಗೆ ಹಾಕಿಕೊಂಡು ಎದುರಿನ ಮರದ ಕಡೆ ನಡೆದರು.

ಒಳಗೆ ಪ್ರತಿ ಯಂತ್ರದ ಮುಂದೆಯೂ, ಅವರಿದ್ದಿದ್ದರೆ ಇಲ್ಲಿ ಏನು ಕೇಳುತ್ತಿದ್ದರು ಎಂದುಕೊಂಡು ನಿಂತೆ. ಆದರೂ ಸಾಲದೆ ಹೋಯಿತು. ಹೊರಗೆ ಬಂದಾಗ ಮರದ ನೆರಳಿನಿಂದ ಎದ್ದು ಬಂದರು. ಹಾಳೆ ಎಷ್ಟು ದೊಡ್ಡದು, ನಂಬರು ಮೊದಲು ಬೀಳುತ್ತದೋ ಕೊನೆಗೋ, ಮಸಿಯ ವಾಸನೆ ಹೇಗಿತ್ತು ಎಂದು ಕೇಳುತ್ತ ಹೋದರು. ವಾಸನೆಯ ಕಡೆ ನನ್ನ ಲಕ್ಷ್ಯವೇ ಹೋಗಿರಲಿಲ್ಲ.

“ತಪ್ಪು ಬಿದ್ದ ಹಾಳಿ?” ಎಂದರು ಕೊನೆಗೆ.

“ಅದನ್ನ ನೋಡಾಕಂತನ ಮಂದಿ ಅದಾರ್ರಿ,” ಎಂದೆ ನಾನು. “ ತಪ್ಪು ಕಂಡ್ರ ಗುರುತು ಹಾಕಿ ತಗದಿಡ್ತಾರ.”

“ಅಂದ್ರ ಅಲ್ಲೂ ತಪ್ಪಾಗತಾವು,” ಎಂದು ಬಸಣ್ಣ ನಕ್ಕರು. ಬೆಳಗಿನಿಂದ ನನ್ನ ಎದೆಯ ಮೇಲಿದ್ದ ಭಾರ ಅಷ್ಟಕ್ಕೇ ಇಳಿಯಿತು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ದಾವಣಗೆರೆಯವರೆಗೂ ಬಿಡದೆ ಕೇಳಿಸಿಕೊಂಡರು.

ಈಗ ಅವರಿಲ್ಲ. ಕೊನೆಯ ಸಲ ಕಂಡದ್ದು ಕೊಪ್ಪಳದ ಬಸ್ ನಿಲ್ದಾಣದಲ್ಲಿ. ನನಗೆ ಆ ಊರಿಗೆ ವರ್ಗವಾಗಿತ್ತು. ಅವರು ಅಳವಂಡಿಯಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತ ಯಾರೋ ಪ್ರಯಾಣಿಕನಿಗೆ ನೋಟು ಅಚ್ಚಾಗುವ ಬಗೆಯನ್ನು ಹೇಳುತ್ತಿದ್ದರು. ನಾನು ಹೇಳಿದ್ದರಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ಆತ ಬೆರಗಾಗಿ, “ಇಷ್ಟೆಲ್ಲಾ ನೀವು ಕಣ್ಣಾರೆ ನೋಡೀರೇನ್ರಿ?” ಎಂದ.

ನಾನೇ ಮುಂದಾಗಿ, “ಹೌದ್ರಿ, ನಾವು ಕೂಡೇ ಹೋಗಿದ್ವಿ,” ಎಂದೆ.

“ಹೋಗಿದ್ದು ಖರೆ,” ಎಂದರು ಬಸಣ್ಣ. “ಆದ್ರ ನಾ ಬಾಗಲದಾಗ ಕುಂತಿದ್ದೆ. ಒಳಗ ಹೋಗಿ ನೋಡಿದವ್ರು ಈ ಮೇಡಮ್ಮಾರು. ನನ್ನ ಹೆಸರು ನಾನ ತಪ್ಪು ಬರದಿದ್ನೆಪ್ಪ.”

ಆತನಿಗೆ ಆ ಕತೆಯನ್ನೂ ಮೊದಲಿನಿಂದ ಹೇಳತೊಡಗಿದರು. ಅಳವಂಡಿಯ ಬಸ್ಸು ಬಂದು ನಿಂತಾಗ ಅದಿನ್ನೂ ಮುಗಿದಿರಲಿಲ್ಲ.