ನೀಲಿ ತುಂಡಿನ ಮೇಲಿನ ಕಂದು ದಾರ

ಆ ಮುಂಜಾನೆಯೂ ನಮ್ಮ ಜೇವರ್ಗಿಯ ಮನೆಯಲ್ಲಿ ದಿನದಂತೆಯೇ ಶುರುವಾಗಿತ್ತು. ನಳಕ್ಕೆ ನೀರು ಬಂದಿತ್ತು, ಕೊಡಗಳನ್ನೆಲ್ಲ ತುಂಬಿಟ್ಟೆ. ಅತ್ತೆ ಲಿಂಗಪೂಜೆ ಮುಗಿಸಿ ಬರುವಷ್ಟರಲ್ಲಿ ರೊಟ್ಟಿ ಬಡಿಯುವುದು ಅರ್ಧ ಆಗಿತ್ತು. ಕಾನ್ವೆಂಟಿನಲ್ಲಿ ಓದಿದವಳು ನಾನು. ಶಕುನ, ಕನಸು ಎಂದು ಯಾರಾದರೂ ಹೇಳಿದರೆ ಎದುರಿಗೆ ತಲೆಯಾಡಿಸಿ ಒಳಗೊಳಗೇ ನಗುತ್ತಿದ್ದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ನೆಗೆಣ್ಣಿ ಶಾಂತಕ್ಕ, ಅಂದರೆ ಭಾವನವರ ಹೆಂಡತಿ, ಎದೆಯ ಗಡ್ಡೆ ತೆಗೆಸಿಕೊಂಡು ಬಂದು ಮೂರು ವಾರವಾಗಿತ್ತು. ಅದು ಕ್ಯಾನ್ಸರ್ ಎಂದು ಗೊತ್ತಾಗಿತ್ತು. ತಿರುಗಿ ಬರುತ್ತದೋ ಇಲ್ಲವೋ ಎಂಬುದೇ ಎಲ್ಲರ ಚಿಂತೆ. ಅವತ್ತು ಕಲಬುರಗಿಯ ಆಸ್ಪತ್ರೆಗೆ ಹೋಗಿ ಕೊನೆಯ ರಿಪೋರ್ಟ್ ತರಬೇಕಿತ್ತು. ಇಂಗ್ಲಿಷ್ ಓದಲು ಬರುತ್ತದೆಂದು ಭಾವನವರ ಜೊತೆ ನನ್ನನ್ನು ಕಳಿಸಿದರು. ಹೊರಡುವಾಗ ಶಾಂತಕ್ಕ, "ಏನಿದ್ರೂ ಖರೇ ಹೇಳ್ಬೇಕ್ ನೋಡು. ಇಂಗ್ಲಿಷಿನ್ಯಾಗ ಮುಚ್ಚಿಡಬ್ಯಾಡ" ಎಂದು ನಕ್ಕಳು.

ಭಾವನವರು ಬುತ್ತಿಚೀಲ ಹಿಡಿದುಕೊಂಡು ಲ್ಯಾಬಿನ ಹೊರಗಿನ ಬೆಂಚಿನ ಮೇಲೆಯೇ ಕುಳಿತರು. ಒಳಗಿದ್ದ ಲೇಡಿ ಡಾಕ್ಟರು ಇನ್ನೂ ಚಿಕ್ಕವರು, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಗಡ್ಡೆಯೊಳಗಿನ ರಕ್ತನಾಳಗಳ ಮೇಲೆಯೇ ಅವರ ಥೀಸಿಸ್ ಅಂತೆ.

"ಗಡ್ಡಿ ಬೆಳೀಬೇಕಂದ್ರ ರಕ್ತ ಬೇಕ್ರಿ. ಅದಕ್ಕ ಹೊಸ ನಾಳ ಎಳಕೋತದ. ಅವು ಹೆಚ್ಚಿದ್ದಷ್ಟು ತಿರುಗಿ ಬರೋ ಅಂಜಿಕಿ ಹೆಚ್ಚು. ಇವ್ರದ್ರಾಗ ಹೆಚ್ಚದಾವ. ಆದ್ರ ಇದೊಂದ ನೋಡಿ ಮುಂದಿಂದು ಹೇಳಾಕ ಬರಂಗಿಲ್ರಿ."

"ಆ ನಾಳ ಕಡದ್ರ?" ಎಂದೆ.

"ಗಡ್ಡಿ ಒಣಗಬೇಕು. ಅಂಥಾ ಔಷಧ ಹುಡುಕಾಕತ್ತಾರ್ರಿ, ಇನ್ನೂ ಕೈಗೆ ಬಂದಿಲ್ಲ. ಇವ್ರ ಗಡ್ಡಿ ತುಣುಕು ಇಲ್ಲೇ ಗಾಜಿನ್ಯಾಗ ಅದ, ನಾಳಕ್ಕ ಕಂದು ಬಣ್ಣ ಹಚ್ಚೀವಿ. ನೋಡ್ತೀರೇನು?"

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ನೀಲಿ ನೆಲ, ಅದರ ಮೇಲೆ ಕವಲೊಡೆದ ಕಂದು ಗೆರೆಗಳು. ಕಣ್ಣು ತೆಗೆದು ಮತ್ತೊಮ್ಮೆ ಇಟ್ಟು ನೋಡಿದೆ. ಅದನ್ನು ನಾನು ಮೊದಲೇ ಕಂಡಿದ್ದೆ.

ಹಿಂದಿನ ಶ್ರಾವಣದಲ್ಲಿ, ಗಡ್ಡೆಯ ಸುಳಿವೇ ಇಲ್ಲದಾಗ, ಶಾಂತಕ್ಕ ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಕೌದಿಯ ಹೊಲಿಗೆ ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ನೆಟ್ಟಗೆ ಬರಬೇಕು. ಅವಳದಂತೂ ಪಟ್ಟಿ ಹಿಡಿದು ಎಳೆದಂತಿರುತ್ತಿತ್ತು. ಆದರೆ ನನ್ನ ಮಗಳ ಶಾಲೆಯ ಲಂಗದ ನೀಲಿ ತುಂಡಿನ ಮೇಲೆ ಮಾತ್ರ ಅವಳ ಕಂದು ದಾರ ದಿಕ್ಕು ತಪ್ಪಿ ಬೇರಿನಂತೆ ಹರಡಿತ್ತು. "ಏನಬೇ ಶಾಂತಾ, ನಿನ್ನ ಸೂಜಿ ಶಿಂದಿ ಕುಡದದೇನು?" ಎಂದು ಅತ್ತೆ ಚುಚ್ಚಿದ್ದರು. "ಗೊತ್ತಿಲ್ರಿ ಅತ್ತಿ, ಕೈ ತಾನ ಹಂಗ ಹೊಂಟದ" ಎಂದಿದ್ದಳು ಶಾಂತಕ್ಕ. ಕೆಳಗಿನ ಮೂಲೆಯಿಂದ ಮೂರು ಕವಲು, ನಡುವಿನದು ಸುತ್ತಿಕೊಂಡು ಮತ್ತೆ ಕೆಳಗಿಳಿದದ್ದು. ಗಾಜಿನಡಿಯಲ್ಲಿಯೂ ಹಾಗೆಯೇ ಇತ್ತು. ಡಾಕ್ಟರಿಗೆ ಹೇಳಲು ನಾಚಿಕೆಯಾಯಿತು. ಬಸ್ಸಿನಲ್ಲಿ ಭಾವನವರಿಗೂ ಹೇಳಲಿಲ್ಲ. ನಾಳ ಹೆಚ್ಚಿವೆ ಎಂಬ ಮಾತನ್ನು ಶಾಂತಕ್ಕನಿಗೆ ಹೇಗೆ ಹೇಳಲಿ ಎಂದೇ ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ.

ಆ ಗಡ್ಡೆ ಇವತ್ತಿನವರೆಗೂ ತಿರುಗಿ ಬಂದಿಲ್ಲ. ಮುಂದೆ ಕೊಟ್ಟ ಕೀಮೋ ಔಷಧದಿಂದ ಎನ್ನುತ್ತಾರೆ ಡಾಕ್ಟರು, ನಾನೂ ಹಾಗೇ ನಂಬುತ್ತೇನೆ. ಗಾಜಿನಡಿ ಕಂಡ ಹೋಲಿಕೆಯನ್ನು ನನ್ನ ಅಂಜಿಕೆಯೇ ಹುಟ್ಟಿಸಿತು ಅಂತಲೂ ಅನ್ನಬಹುದು. ಆದರೆ ಅವತ್ತು ಸಂಜೆ ಊರಿಗೆ ಮರಳಿದಾಗ ಕೇಳಿದ ಮಾತನ್ನು ಇಷ್ಟು ವರ್ಷವಾದರೂ ಹಾಗೆ ತಳ್ಳಿಹಾಕಲಾರೆ. ನಮ್ಮ ಮನೆಯಲ್ಲಿ ಆಗ ಫೋನ್ ಇರಲಿಲ್ಲ, ನಾವಿನ್ನೂ ಹೊಸ್ತಿಲು ಸಹ ದಾಟಿರಲಿಲ್ಲ. ಪಕ್ಕದ ಮನೆಯ ಗೌರಮ್ಮ ಕಟ್ಟೆಯ ಮೇಲೆ ತೊಗರಿಬೇಳೆ ಆರಿಸುತ್ತ ಕುಳಿತಿದ್ದರು. ಮೊರದಿಂದ ತಲೆ ಎತ್ತದೆಯೇ ಅಂದರು:

"ಬಂದ್ರೇನ್ರಿ? ನಿಮ್ಮ ಶಾಂತಕ್ಕ ಇವತ್ತ ಮಧ್ಯಾಹ್ನೆಲ್ಲಾ ಕುಂತು ಕೌದ್ಯಾಗಿನ ಆ ನೀಲಿ ತುಂಡಿನ ದಾರ ಕತ್ತರಸಾಕತ್ತಿದ್ಳು. ಯಾಕಬೇ ಅಂದ್ರ, ಕಡದ್ರ ಒಣಗ್ತದ ಅಂದ್ಳು. ಕೌದಿ ಹಸೀ ಎಲ್ಲಿತ್ರೀ?"